1140 ಡಿಗ್ರಿಗೆ ನಿಂತುಹೋದ ಆವಿಗೆ: ಒಂದು ದುರಸ್ತಿ ಸೇವೆಯ ವಿಮರ್ಶೆ

ಮೈಸೂರಿನ ನನ್ನ ಕುಂಬಾರಿಕೆ ಕಾರ್ಯಾಗಾರದಲ್ಲಿ ಆರು ವರ್ಷಗಳಿಂದ ದುಡಿಯುತ್ತಿರುವ, ಮೂರು ಫೇಸ್‌ನ 9 ಕಿಲೋವ್ಯಾಟ್ ವಿದ್ಯುತ್ ಆವಿಗೆ (ಮಡಕೆ ಸುಡುವ ಗೂಡು) ಕಳೆದ ಮಳೆಗಾಲದಲ್ಲಿ ಕಾವೇರಲು ತಡಮಾಡತೊಡಗಿತು. 1000 ಡಿಗ್ರಿಯ ಬಿಸ್ಕ್, ಅಂದರೆ ಮೆರುಗು (ಗ್ಲೇಜ್) ಹಚ್ಚುವ ಮೊದಲಿನ ಸುಡುವಿಕೆ, ಎರಡು ಗಂಟೆ ತಡವಾಗಿಯಾದರೂ ಮುಗಿಯುತ್ತಿತ್ತು. ಕೋನ್ 6ಕ್ಕೆ (ಸುಮಾರು 1222 ಡಿಗ್ರಿಗೆ ಬಾಗುವ ಸಣ್ಣ ಮಣ್ಣಿನ ಶಂಕು ಇದರ ಗುರುತು) ಗ್ಲೇಜ್ ಸುಡುವಾಗ ಮಾತ್ರ 1140ರ ಆಸುಪಾಸಿನಲ್ಲಿ ಏರಿಕೆ ನಿಂತು, ಕಂಟ್ರೋಲರ್ ದೋಷ ತೋರಿಸಿ ಆವಿಗೆಯನ್ನು ಆರಿಸಿಬಿಡುತ್ತಿತ್ತು. ಎರಡು ಬಾರಿ ಹೀಗಾಗಿ, ಮೆರುಗು ಅರೆಬರೆ ಕರಗಿದ ಅರವತ್ತಕ್ಕೂ ಹೆಚ್ಚು ಬಟ್ಟಲುಗಳು ನಷ್ಟವಾದವು. ಆ ಬಳಿಕ ಬೆಂಗಳೂರಿನಿಂದ ಬಂದು ದುರಸ್ತಿ ಮಾಡಿಕೊಟ್ಟ ಒಂದು ಸಣ್ಣ ಸಂಸ್ಥೆಯ ಕೆಲಸವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನೋಡಿದ ಸ್ಥಳೀಯ ಎಲೆಕ್ಟ್ರಿಷಿಯನ್ ಒಬ್ಬರು ಅಳತೆಯ ಮೀಟರನ್ನು ಹೊರತೆಗೆಯದೆಯೇ ಕಾವು ಕೊಡುವ ತಂತಿಯ ಸುರುಳಿ, ಕಾವನ್ನು ಅಳೆಯುವ ಥರ್ಮೋಕಪಲ್, ಕಂಟ್ರೋಲರ್ ಎಲ್ಲವನ್ನೂ ಬದಲಿಸಬೇಕೆಂದು ಹೇಳಿದ್ದರು. ಬೆಂಗಳೂರಿನ ತಂತ್ರಜ್ಞರು ಫೋನಿನಲ್ಲಿಯೇ ಕೇಳಿದ ಮೊದಲ ಪ್ರಶ್ನೆ, ಒಳಗಿಟ್ಟಿದ್ದ ಕೋನ್ ಬಾಗಿತ್ತೇ ಎಂಬುದು. ಈ ಪ್ರಶ್ನೆಯ ಬೆಲೆ ನನಗೆ ಆಮೇಲೆ ತಿಳಿಯಿತು. ಕಂಟ್ರೋಲರ್ 1140 ತೋರಿಸುತ್ತಿರುವಾಗ ಕೋನ್ 6 ಪೂರ್ತಿ ಬಾಗಿದ್ದರೆ ಆವಿಗೆಯೊಳಗೆ ಕಾವು ಸಾಕಷ್ಟಿದೆ, ಥರ್ಮೋಕಪಲ್ ಕಡಿಮೆ ಓದುತ್ತಿದೆ ಎಂದರ್ಥ. ಕೋನ್ ನೆಟ್ಟಗೆ ನಿಂತಿದ್ದರೆ ಕಾವೇ ಸಾಲುತ್ತಿಲ್ಲ. ನನ್ನ ಕೋನ್ ನೆಟ್ಟಗಿತ್ತು. ಕಂಟ್ರೋಲರನ್ನೂ ಥರ್ಮೋಕಪಲನ್ನೂ ಬದಲಿಸುವ ಖರ್ಚು ಒಂದೇ ಉತ್ತರದಿಂದ ಉಳಿಯಿತು.

ಬಂದವರು ಸಂಜೆ ಏಳು ಗಂಟೆಗೆ ಆವಿಗೆಯನ್ನು ಪೂರ್ಣ ಕಾವಿಗೆ ಹಚ್ಚಿಸಿ, ಒಂದೊಂದು ಫೇಸ್‌ನ ಕರೆಂಟನ್ನೂ ಕ್ಲ್ಯಾಂಪ್ ಮೀಟರಿನಿಂದ ಅಳೆದರು. 230 ವೋಲ್ಟ್ ಸಿಕ್ಕಾಗ ಪ್ರತಿ ಫೇಸ್‌ನಲ್ಲಿ 13 ಆಂಪಿಯರ್ ಹರಿಯಬೇಕು. ಎರಡು ಫೇಸ್‌ಗಳಲ್ಲಿ 11 ಇತ್ತು. ಮೂರನೆಯದರಲ್ಲಿ 11 ಇದ್ದದ್ದು ಆಗಾಗ ಸೊನ್ನೆಗೆ ಇಳಿಯುತ್ತಿತ್ತು. ಮುಖ್ಯ ಸ್ವಿಚ್ ಆರಿಸಿ ತೆರೆದು ನೋಡಿದಾಗ ಸುರುಳಿಗಳಿಗೆ ಕರೆಂಟು ಹಾಯಿಸಿ ನಿಲ್ಲಿಸುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಒಂದು ಸಂಪರ್ಕ ಸುಟ್ಟು ಕಪ್ಪಾಗಿತ್ತು. ಬಳಿಕ ಸುರುಳಿಗಳ ತಂತಿ ಬಿಚ್ಚಿ ರೋಧ ಅಳೆದರು: ಹೊಸದಿದ್ದಾಗ 17.6 ಓಮ್ ಇದ್ದದ್ದು 19.6ಕ್ಕೆ ಏರಿತ್ತು. ರೋಧ ಹತ್ತು ಶೇಕಡದಷ್ಟು ಹೆಚ್ಚಿದರೆ ಸುರುಳಿ ಬದಲಿಸುವ ಕಾಲ ಬಂತೆಂಬುದು ಈ ಕಸುಬಿನ ವಾಡಿಕೆ.

ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಮೌಲ್ಯವಿದ್ದದ್ದು ಮೂರನೆಯ ಅಳತೆಯಲ್ಲಿ. ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ವೋಲ್ಟೇಜ್ 215 ಮಾತ್ರ ಇತ್ತು. ಹದಿನೈದು ವೋಲ್ಟಿನ ಕೊರತೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಶಾಖದ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಷ್ಟರಿಂದಲೇ ಹನ್ನೆರಡು ಶೇಕಡಕ್ಕೂ ಮಿಕ್ಕಿ ಕಾವು ಕಳೆದುಹೋಗುತ್ತದೆ ಎಂದು ಅವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಹಳೆಯ ಸುರುಳಿಯ ನಷ್ಟವನ್ನೂ ಕೂಡಿಸಿದರೆ 9 ಕಿಲೋವ್ಯಾಟ್‌ನ ಆವಿಗೆ, ಮೂರೂ ಫೇಸ್ ಸರಿಯಿದ್ದಾಗಲೂ, 7 ಕಿಲೋವ್ಯಾಟ್‌ನದಾಗಿತ್ತು. ಬಿಸ್ಕ್ ಆಗುತ್ತಿದ್ದು ಗ್ಲೇಜ್ ಆಗದಿರುವುದಕ್ಕೂ ಇದೇ ಕಾರಣ. ಕಾವು ಏರಿದಷ್ಟೂ ಗೋಡೆ, ಮುಚ್ಚಳಗಳ ಮೂಲಕ ಸೋರುವ ಶಾಖ ಹೆಚ್ಚುತ್ತದೆ. ಒಳಗೆ ಬರುವುದೂ ಹೊರಗೆ ಸೋರುವುದೂ ಸಮವಾದ ಕಡೆ ಆವಿಗೆ ನಿಂತುಬಿಡುತ್ತದೆ.

ಕಾಂಟ್ಯಾಕ್ಟರನ್ನೂ ಮೂರು ಸುರುಳಿಗಳನ್ನೂ ಬದಲಿಸಿದರು. ಹೊಸ ಕಾಂಥಲ್ (ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಮಿಶ್ರಲೋಹ) ಸುರುಳಿಗಳನ್ನು ಹಾಕಿದ ಮೇಲೆ ಖಾಲಿ ಆವಿಗೆಯನ್ನು 1050 ಡಿಗ್ರಿಯವರೆಗೆ ಕಾಯಿಸಿ, ತಂತಿಯ ಮೇಲೆ ಅಲ್ಯೂಮಿನಾದ ರಕ್ಷಣಾ ಪದರ ಕಟ್ಟುವವರೆಗೂ ಇದ್ದು ಹೋದರು. ಅವಸರದಲ್ಲಿರುವವರು ಬಿಟ್ಟುಬಿಡುವ ಕೆಲಸವಿದು. ಬೀದಿಯ ವೋಲ್ಟೇಜನ್ನು ಅವರು ಸರಿಪಡಿಸಲಾರರು. ಸಂಜೆ ಆರಕ್ಕೆ ಬದಲು ರಾತ್ರಿ ಒಂಬತ್ತಕ್ಕೆ ಹಚ್ಚಿದರೆ, 1000 ಡಿಗ್ರಿಯ ಮೇಲಿನ ಕಷ್ಟದ ಹಂತ ಊರು ಮಲಗಿ ವೋಲ್ಟೇಜ್ ಚೇತರಿಸಿದ ಹೊತ್ತಿಗೆ ಬೀಳುತ್ತದೆ ಎಂಬ ಸಲಹೆ ಕೊಟ್ಟರು. ಈ ಸಲಹೆಗೆ ಹಣ ಕೇಳಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲ ಫೋನಿನಿಂದ ಕೆಲಸ ಮುಗಿಯುವವರೆಗೆ ಐದು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ಸುರುಳಿ ಸುತ್ತಿಸುವುದಕ್ಕೇ ಹೋಯಿತು, ನಡುವೆ ಅವರಾಗಿ ಒಮ್ಮೆಯೂ ಸುದ್ದಿ ತಿಳಿಸಲಿಲ್ಲ. ಆರ್ಡರ್ ಹಿಡಿದುಕೊಂಡು ಕುಳಿತ ಕುಂಬಾರರಿಗೆ ಇದು ಸಣ್ಣ ತೊಂದರೆಯಲ್ಲ. ಅಳತೆಗಳನ್ನು ಬಿಲ್ಲಿನಲ್ಲಿ ಬರೆದುಕೊಡುವ ಪದ್ಧತಿಯೂ ಅವರಲ್ಲಿಲ್ಲ. ಹೊಸ ಸುರುಳಿಯ ರೋಧವೆಷ್ಟೆಂದು ನಾನೇ ಕೇಳಿ ಆವಿಗೆಯ ಬದಿಯಲ್ಲಿ ಬರೆದಿಟ್ಟುಕೊಂಡೆ. ಮುಂದಿನ ವರ್ಷ ಹೋಲಿಸಿ ನೋಡಲು ಅದೊಂದೇ ಆಧಾರ.

ದುರಸ್ತಿಯ ನಂತರ ಮೂರು ಗ್ಲೇಜ್ ಸುಟ್ಟಿದ್ದೇನೆ. ಮೂರರಲ್ಲೂ ಆವಿಗೆ ಎಲ್ಲಿಯೂ ನಿಲ್ಲದೆ 1222 ಮುಟ್ಟಿತು. ಮೇಲಿನ ಎರಡು ಅಂತಸ್ತುಗಳ ಕೋನ್ ಸರಿಯಾಗಿ ಬಾಗಿದೆ, ಕೆಳಗಿನದರಲ್ಲಿ ಅರ್ಧ ಮಾತ್ರ. ಮುಂದಿನ ಬಾರಿ ಕೆಳಗೆ ಪಾತ್ರೆಗಳನ್ನು ಇನ್ನಷ್ಟು ಬಿಡಿಯಾಗಿ ಜೋಡಿಸಿ, ತುದಿಯ ಕಾವಿನಲ್ಲಿ ಹದಿನೈದು ನಿಮಿಷ ಹಿಡಿದು ನೋಡಲು ಅವರು ಹೇಳಿದ್ದಾರೆ. ಅದರಿಂದಲೂ ಸರಿಹೋಗದಿದ್ದರೆ ಮತ್ತೆ ಬಂದು ನೋಡುವುದಾಗಿ ಒಪ್ಪಿದ್ದಾರೆ.