ಅಪ್ಪ ಅಮ್ಮನ ಜೊತೆ ನೀಲ್ ದ್ವೀಪಕ್ಕೆ ಹೊರಟವರು ದಯವಿಟ್ಟು ಓದಿ

ವಯಸ್ಸಾದ ಅಪ್ಪನನ್ನೋ ಅಮ್ಮನನ್ನೋ ಅಂಡಮಾನ್‌ಗೆ ಕರೆದುಕೊಂಡು ಹೋಗುವ ಯೋಚನೆ ಇದೆಯಾ? ಹಾಗಿದ್ದರೆ ಏಜೆಂಟ್ ಕೊಡುವ ಟೈಮ್ ಟೇಬಲ್ ನಂಬಿಕೊಂಡು ನೀಲ್ ದ್ವೀಪದಲ್ಲಿ ಕಲ್ಲು ಸೇತುವೆ ಅನ್ನುವ ಬಂಡೆ ಕಮಾನಿನ ಕಡೆ ಇಳಿಯಬೇಡಿ. ಆ ದಿನ ಸಮುದ್ರದ ನೀರು ಎಷ್ಟು ಗಂಟೆಗೆ ಇಳಿಯುತ್ತದೆ, ಎಷ್ಟು ಗಂಟೆಗೆ ಏರುತ್ತದೆ ಅಂತ ತಿಳಿದುಕೊಂಡೇ ಹೊರಡಿ. ನಮ್ಮ ಅಪ್ಪನ ಕಾಲಿಗಾದ ಗಾಯ ಮಾಯೋದಕ್ಕೆ ತಿಂಗಳ ಮೇಲೆ ಹಿಡಿಯಿತು. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ.

ಅಪ್ಪನಿಗೆ 68 ವರ್ಷ. ಹಾಸನದ ಕಡೆಯ ರೈತರು. ಗದ್ದೆ ಬದುವಿನ ಮೇಲೆ ನನಗಿಂತ ಚುರುಕಾಗಿ ನಡೆಯುತ್ತಾರೆ. ಅದಕ್ಕೇ ಇಬ್ಬರೂ ಬೆನ್ನಿಗೆ ಒಂದೊಂದು ಬ್ಯಾಗ್ ಹಾಕಿಕೊಂಡು, ಸರ್ಕಾರಿ ಹಡಗು, ಸಣ್ಣ ರೂಮು, ಮೀನೂಟದ ಹೋಟೆಲ್ ಪಕ್ಕದಲ್ಲೇ ಸಿಗುವ ಬಂಗಾಳಿ ಅನ್ನ ಸಾರು ಅಂತ ಸುತ್ತಿದೆವು. ಹ್ಯಾವ್‌ಲಾಕ್‌ನಲ್ಲಿ ಎಲ್ಲ ಚೆನ್ನಾಗೇ ಇತ್ತು. ರಾಧಾನಗರ ಬೀಚಿನಲ್ಲಿ ಅಪ್ಪ ಪಂಚೆ ಮೇಲೆತ್ತಿ ಕಟ್ಟಿ, ಕತ್ತಲಾಗುವವರೆಗೂ ಅಲೆಗಳಲ್ಲಿ ನಿಂತಿದ್ದರು. 2018ರಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರು ಬದಲಾಗಿದೆ. ಟಿಕೆಟ್ ಮೇಲೆ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ, ಜನರ ಬಾಯಲ್ಲಿ ಇನ್ನೂ ಹಳೇ ಹೆಸರೇ ಇದೆ.

ನೀಲ್‌ನಲ್ಲಿ ಸುತ್ತಲು ಗಾಡಿ ಮತ್ತು ಅಲ್ಲಿಂದ ವಾಪಸ್ ಹಡಗು, ಇವೆರಡನ್ನು ಮಾತ್ರ ಒಬ್ಬ ಏಜೆಂಟ್ ಮೂಲಕ ಮಾಡಿಸಿದ್ದೆವು. ಹೆಸರು ಬೇಡ. ಹಿರಿಯರಿಗೆ ಆರಾಮದ ಪ್ಯಾಕೇಜು, ಒಂದೇ ದಿನದಲ್ಲಿ ಎಲ್ಲ ಬೀಚು ಮುಗಿಯುತ್ತದೆ ಅಂದಿದ್ದರು. ಆ ಪಟ್ಟಿಯಲ್ಲಿ ಕಲ್ಲು ಸೇತುವೆಗೆ ಬರೆದಿದ್ದ ಸಮಯ ಮಧ್ಯಾಹ್ನ ಮೂರೂವರೆ. ಯಾವ ದಿನ ಹೋದರೂ ಅದೇ ಮೂರೂವರೆ. ತೊಂದರೆಯ ಮೂಲ ಇರುವುದೇ ಇಲ್ಲಿ.

ಈ ಸೇತುವೆ ಲಕ್ಷ್ಮಣಪುರ 2 ಅನ್ನುವ ಬೀಚಿನ ತುದಿಯಲ್ಲಿದೆ. ಸಮುದ್ರ ಕೊರೆದು ಮಾಡಿದ ಬಂಡೆಯ ಕಮಾನು. ನೀಲ್‌ನಲ್ಲಿ ನೆಲೆಸಿರುವವರಲ್ಲಿ ಹೆಚ್ಚಿನವರು ಪೂರ್ವ ಬಂಗಾಳದಿಂದ ಬಂದ ಕುಟುಂಬದವರು. ಅವರು ಇದನ್ನು ಹೌರಾ ಬ್ರಿಡ್ಜ್ ಅಂತಲೇ ಕರೆಯುತ್ತಾರೆ. ಮೇಲೆ ಎಳನೀರು, ನಿಂಬೆ ಶರಬತ್ತಿನ ಅಂಗಡಿಗಳಿವೆ. ಅಲ್ಲಿಂದ ಮೆಟ್ಟಿಲಿಳಿದರೆ ಮರಳು ಸಿಗುವುದಿಲ್ಲ. ಉದ್ದಕ್ಕೂ ಸತ್ತ ಹವಳ, ಪಾಚಿ ಹಿಡಿದ ಬಂಡೆ, ನಡುನಡುವೆ ನೀರು ನಿಂತ ಗುಂಡಿಗಳು. ನೀರು ಇಳಿದಿರುವಾಗ ಆ ಗುಂಡಿಗಳಲ್ಲಿ ಸಮುದ್ರ ಸೌತೆ ಅನ್ನುವ ಸೌತೆಕಾಯಿ ಆಕಾರದ ಜೀವಿ, ಬಾಯಿ ತೆರೆದ ನೀಲಿ ಚಿಪ್ಪು, ಪುಟ್ಟ ಪುಟ್ಟ ಏಡಿ ಎಲ್ಲ ಕಾಣುತ್ತವೆ. ನಿಜಕ್ಕೂ ಚಂದ. ಆದರೆ ಚಪ್ಪಟೆ ಜಾಗ ಅಂತ ಕಾಲಿಟ್ಟಲ್ಲಿ ಹವಳ ಮುರಿದು ಒಳಕ್ಕೆ ಕುಸಿಯುತ್ತದೆ. ಒಡೆದ ಹೆಂಚಿನ ರಾಶಿಯ ಮೇಲೆ ನಡೆದ ಹಾಗೆ.

ಅವತ್ತು ಇಳಿತ ಮುಗಿದದ್ದು ಮಧ್ಯಾಹ್ನದ ಊಟದ ಹೊತ್ತಿಗೇ ಅಂತೆ. ಅದು ನಮಗೆ ಗೊತ್ತಾಗಿದ್ದು ಆಮೇಲೆ, ಅಂಗಡಿಯವರಿಂದ. ಡ್ರೈವರ್ ಮಾತ್ರ ‘ಹೋಗಿ ಬನ್ನಿ, ಅರ್ಧ ಗಂಟೆ ಸಾಕು’ ಅಂದು ಗಾಡಿಯಲ್ಲೇ ಕುಳಿತರು. ಸೇತುವೆ ತನಕ ಹೋಗುವುದು ಕಷ್ಟವಾಗಲಿಲ್ಲ. ತಿರುಗಿ ಬರುವಾಗ, ನಾವು ಕಾಲಿಟ್ಟು ಬಂದಿದ್ದ ಬಂಡೆಗಳೇ ಕಾಣುತ್ತಿರಲಿಲ್ಲ. ನೀರು ಅಲೆಯಾಗಿ ಬರಲಿಲ್ಲ, ಸದ್ದೂ ಇರಲಿಲ್ಲ. ಗುಂಡಿಗಳು ತುಂಬಿ ಒಂದಕ್ಕೊಂದು ಸೇರಿಕೊಂಡಿದ್ದವು. ಮೊಣಕಾಲುದ್ದ ನೀರು. ಅದರ ಕೆಳಗೆ ಗುಂಡಿ ಯಾವುದು, ಕಲ್ಲು ಯಾವುದು ಅಂತ ಗೊತ್ತಾಗುವ ಹಾಗಿಲ್ಲ.

ಅಪ್ಪನ ಬಲಗಾಲು ಒಂದು ಸಂದಿಗೆ ಇಳಿಯಿತು. ಹವಾಯಿ ಚಪ್ಪಲಿ ಕಿತ್ತುಕೊಂಡು ತೇಲಿ ಹೋಯಿತು. ಬೀಳದಿರಲು ಅಂಗೈ ಊರಿದರು, ಅಂಗೈಯೂ ಸೀಳಿತು. ಮೊಣಕಾಲಿನಿಂದ ಪಾದದವರೆಗೆ ಹವಳ ಗೀರಿ ರಕ್ತ ಸುರಿಯುತ್ತಿತ್ತು. ಅವರು ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ‘ಏನಿಲ್ಲ ಬಿಡು’ ಅನ್ನುತ್ತಲೇ ಇದ್ದರು. ನನ್ನ ಭುಜ ಹಿಡಿದಿದ್ದ ಅವರ ಕೈ ಮಾತ್ರ ನಡುಗುತ್ತಿತ್ತು.

ಅಷ್ಟರಲ್ಲಿ ಕತ್ತಲು. ಇದು ಎರಡನೇ ಅಪಾಯ, ನಮ್ಮ ಕಡೆಯವರಿಗೆ ಅಂದಾಜೇ ಸಿಗದ ವಿಷಯ. ಬೆಂಗಳೂರು ಇರುವುದು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನೀಲ್ ಸುಮಾರು 93ರಲ್ಲಿ. 15 ಡಿಗ್ರಿಗೆ ಒಂದು ಗಂಟೆಯ ಲೆಕ್ಕ. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆ ಮೊದಲೇ ಹೋಗಿಬಿಡುತ್ತಾನೆ. ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಮುಳುಗುತ್ತಾನೆ. ಮೂರೂವರೆಗೆ ಇಳಿದವರಿಗೆ ಸಂಜೆ ಅನ್ನುವುದೇ ಉಳಿದಿರುವುದಿಲ್ಲ.

ಎಳನೀರು ಅಂಗಡಿಯ ಹುಡುಗನೊಬ್ಬ ಮೇಲಿನಿಂದ ನೋಡಿ ಓಡಿ ಬಂದ. ನೀರಿನಡಿಯ ಒಂದೊಂದು ಕಲ್ಲೂ ಅವನಿಗೆ ಗೊತ್ತಿತ್ತು. ಅಪ್ಪನನ್ನು ಹೆಚ್ಚುಕಮ್ಮಿ ಹೊತ್ತುಕೊಂಡೇ ದಡ ಸೇರಿಸಿದ. ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಅವನನ್ನು ಜನ್ಮದಲ್ಲಿ ಮರೆಯುವುದಿಲ್ಲ.

ದ್ವೀಪದಲ್ಲಿರುವುದು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ತುಂಬಾ ಚೆನ್ನಾಗಿ ನೋಡಿಕೊಂಡರು. ಗಾಯದೊಳಗಿದ್ದ ಹವಳದ ಪುಡಿಯನ್ನು ತೊಳೆದು ತೊಳೆದು ತೆಗೆದರು, ಟಿಟಿ ಚುಚ್ಚಿದರು. ಹವಳದ ಗಾಯ ನೋಡಲು ಸಣ್ಣದು, ಆದರೆ ಚೂರು ಒಳಗೆ ಉಳಿದರೆ ಕೀವಾಗುತ್ತದೆ. ಸುಮ್ನೆ ಬ್ಯಾಂಡೇಜ್ ಸುತ್ತಿ ಬಿಡಬೇಡಿ. ಇದಕ್ಕಿಂತ ದೊಡ್ಡದಾದರೆ ಪೋರ್ಟ್ ಬ್ಲೇರ್‌ನ (2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು) ಆಸ್ಪತ್ರೆಗೇ ಹೋಗಬೇಕು, ಅದಕ್ಕೆ ಸಮುದ್ರ ದಾಟಬೇಕು. ರಾತ್ರಿ ಹೊತ್ತು ಹಡಗು ಎಲ್ಲಿಂದ ತರುವುದು?

ಮಾರನೇ ದಿನ ಜೋರು ಗಾಳಿ. ಬೆಳಗಿನ ಹಡಗು ರದ್ದಾಯಿತು. ಏಜೆಂಟ್ ಅದೇ ದಿನ ಮಧ್ಯಾಹ್ನದ ವಿಮಾನಕ್ಕೆ ಹೊಂದಿಸಿ ಆ ಹಡಗು ಹಾಕಿದ್ದರು. ‘ಯಾವಾಗಲೂ ಹೀಗೇ ಮಾಡ್ತೀವಿ’ ಅಂದಿದ್ದರು. ವಿಮಾನ ತಪ್ಪಿತು, ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ಹೆದರಿಸಿದ್ದು ಅಪ್ಪನ ಬಿಪಿ ಮಾತ್ರೆ. ಲೆಕ್ಕ ಹಾಕಿ ತಂದದ್ದು ಮುಗಿಯುತ್ತಾ ಬಂದಿತ್ತು, ಅದೇ ಮಾತ್ರೆ ಅಲ್ಲಿನ ಅಂಗಡಿಯಲ್ಲಿ ಸಿಗಲಿಲ್ಲ. ಇಂಥ ಗಾಳಿ ಅಲ್ಲಿ ಹೊಸದೂ ಅಲ್ಲ. 2016ರ ಡಿಸೆಂಬರ್‌ನಲ್ಲಿ, ಮುಂದೆ ವಾರ್ದಾ ಚಂಡಮಾರುತವಾಗಿ ಚೆನ್ನೈಗೆ ಬಡಿದ ಬಿರುಗಾಳಿಗೆ ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡಿದ್ದರು. ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು.

ಕುಂದಾಪುರ, ಕಾರವಾರದ ಕಡೆಯವರಿಗೆ ಉಬ್ಬರ ಇಳಿತ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಂಥ ಘಟ್ಟದ ಮೇಲಿನವರಿಗೆ ಹೇಳಬೇಕು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಸಮಯ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜೋರು. ಹಾಗಿರುವಾಗ ವರ್ಷವಿಡೀ ಮೂರೂವರೆ ಅಂತ ಬರೆದುಕೊಡುವವರನ್ನು ಹೇಗೆ ನಂಬುವುದು? ಪೋರ್ಟ್ ಬ್ಲೇರ್‌ನ ಉಬ್ಬರ ಇಳಿತದ ಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಪ್ರಕಟಿಸುತ್ತದೆ. ಅದು ಸಿಗದಿದ್ದರೆ ರೂಮಿನವರನ್ನೋ ಮೀನುಗಾರರನ್ನೋ ಕೇಳಿ, ಬೆರಳ ತುದಿಯಲ್ಲಿ ಹೇಳುತ್ತಾರೆ. ನೀರು ಇನ್ನೂ ಇಳಿಯುತ್ತಿರುವಾಗ ಹೊರಟು, ಏರಲು ಶುರುವಾಗುವ ಮೊದಲೇ ವಾಪಸ್ ಬನ್ನಿ. ಮೆಟ್ಟಿಲ ಬಳಿ ಸ್ಥಳೀಯ ಗೈಡ್‌ಗಳು ಇರುತ್ತಾರೆ, ಒಬ್ಬರನ್ನು ಕರೆದುಕೊಳ್ಳಿ. ಹಿರಿಯರ ಕಾಲಿಗೆ ಹಿಂದೆ ಪಟ್ಟಿ ಇರುವ, ಗಟ್ಟಿ ಅಟ್ಟೆಯ ಚಪ್ಪಲಿ ಇರಲಿ. ಮಾತ್ರೆ ಒಂದು ವಾರದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ನೀಲ್‌ನಿಂದ ಬಂದ ದಿನವೇ ವಿಮಾನ ಹತ್ತುವ ಹಾಗೆ ಟಿಕೆಟ್ ಮಾಡಬೇಡಿ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಕಳೆಯಿರಿ.

ಊರಿಗೆ ಬಂದ ಮೇಲೆ ಏಜೆಂಟ್‌ಗೆ ಫೋನ್ ಮಾಡಿದೆ. ಹವಾಮಾನ ನಮ್ಮ ಕೈಯಲ್ಲಿಲ್ಲ, ಹಣ ವಾಪಸ್ ಬರಲ್ಲ ಅಂದರು. ನೀರಿನ ಸಮಯ ಯಾಕೆ ಹೇಳಲಿಲ್ಲ ಅಂದದ್ದಕ್ಕೆ ಉತ್ತರವೇ ಇಲ್ಲ. ನೀವು ಯಾರ ಹತ್ತಿರ ಬುಕ್ ಮಾಡಿದರೂ ಅಡ್ವಾನ್ಸ್ ಕೊಡುವ ಮೊದಲು ಎರಡು ಮಾತು ಕೇಳಿ: ನಾವು ಹೋಗುವ ದಿನ ಇಳಿತ ಎಷ್ಟು ಗಂಟೆಗೆ? ಹಡಗು ರದ್ದಾದರೆ ಏನು ಕೊಡುತ್ತೀರಿ? ಉತ್ತರವನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.