ರೇಡಾನ್ ಮೀಟರ್: ಮಳೆಗಾಲ, ಬೇಸಿಗೆ ಎರಡೂ ಕಳೆದ ಮೇಲೆ

ಕಾರವಾರದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ, ವಿಕಿರಣ ಸೂಸುವ ರೇಡಾನ್ ಅನಿಲವನ್ನು ಅಳೆಯುವ ಈ ಬ್ಯಾಟರಿ ಚಾಲಿತ ಮೀಟರ್ ಇಟ್ಟು ಮಳೆಗಾಲ, ಬೇಸಿಗೆ ಎರಡೂ ಕಳೆದಿವೆ. ಕೊಳ್ಳಬಹುದಾ ಅಂದರೆ, ತಾಳ್ಮೆ ಇದ್ದರೆ ಧಾರಾಳವಾಗಿ ಕೊಳ್ಳಿ.

ಮೊದಲ ವಾರದ ಅಂಕಿ ನೋಡಿ ಗಾಬರಿಯೂ ಬೇಡ, ಸಮಾಧಾನವೂ ಬೇಡ. ರೇಡಾನ್ ದಿನಕ್ಕೊಂದು ಥರ ಇರುತ್ತದೆ. ಮಳೆ ಹಿಡಿದು ಕಿಟಕಿಯೆಲ್ಲ ಮುಚ್ಚಿ ಎಸಿ ಹಾಕಿ ಮಲಗಿದಾಗ ನಮ್ಮಲ್ಲಿ ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ದಾಟುತ್ತಿತ್ತು, ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ ಅಲ್ವಾ, ಅದೇ ಮೀಟರ್ ಮಹಡಿ ಮೇಲೆ ಇಟ್ಟರೆ ಅರ್ಧಕ್ಕೂ ಕಡಿಮೆ. ಹಾಗಾಗಿ ದಿನದ ಅಂಕಿ ಬಿಟ್ಟು ತಿಂಗಳುಗಟ್ಟಲೆಯ ಸರಾಸರಿ ನೋಡಿ. ಅದನ್ನು ಈ ಮೀಟರ್ ಚೆನ್ನಾಗಿ ತೋರಿಸುತ್ತದೆ.

"ಇದು ಕೈಗಾ ಅಣುಸ್ಥಾವರದಿಂದ ಬರ್ತದಾ?" ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಅಲ್ಲ. ಮಣ್ಣು, ಕಲ್ಲಿನಲ್ಲಿ ಮೊದಲಿನಿಂದಲೂ ಇರುವ ಯುರೇನಿಯಂನಿಂದ ಹುಟ್ಟುವ ಅನಿಲ ಇದು. ನೆಲದ ಬಿರುಕು, ಪೈಪಿನ ಸಂದುಗಳಲ್ಲಿ ಒಳಗೆ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಏರುತ್ತದೆ. ಯುರೋಪಿನ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2005ರಲ್ಲಿ ಕೊಟ್ಟ ಲೆಕ್ಕದಲ್ಲಿ, ಪ್ರತಿ 100 ಬೆಕೆರೆಲ್ ಹೆಚ್ಚಳಕ್ಕೆ ಸುಮಾರು 16% ಜಾಸ್ತಿ. ಬೀಡಿ, ಸಿಗರೇಟು ಸೇದುವವರಿಗೆ ಇದು ತುಂಬಾ ದೊಡ್ಡ ಅಪಾಯ. ನಮ್ಮ ಮನೆಯಲ್ಲೂ ಬೀಡಿ ಸೇದುವ ಹಿರಿಯರಿದ್ದಾರೆ, ಮೀಟರ್ ತಂದದ್ದೇ ಅವರಿಗಾಗಿ.

ಇನ್ನು ಎಷ್ಟು ಇದ್ದರೆ ಸರಿ? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಘನ ಮೀಟರ್ ಗಾಳಿಗೆ 100 ಬೆಕೆರೆಲ್ ಅಂದಿತು, ಅದು ಸಾಧ್ಯವಾಗದ ಕಡೆ 300 ಮೀರಬಾರದು ಅಂತಲೂ ಹೇಳಿತು. ಅಮೆರಿಕದಲ್ಲಿ 148ಕ್ಕೆ ಸರಿಪಡಿಸಿ ಅನ್ನುತ್ತಾರೆ. ನನ್ನ ಪ್ರಕಾರ ಹಳೆ ಮನೆಯವರಿಗೆ ದಂಡ ಹಾಕುವ ಕಾನೂನು ಬೇಡವೇ ಬೇಡ, ಚಿರೆಕಲ್ಲಿನ ಮನೆಯಲ್ಲಿ ಬಾಡಿಗೆಗೆ ಇರುವವರು ಏನು ಮಾಡಬೇಕು? ಆದರೆ ಶಾಲೆ, ನೆಲಮಾಳಿಗೆಯ ಆಫೀಸು, ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅಳತೆ ಕಡ್ಡಾಯ ಆಗಲೇಬೇಕು. ಮಕ್ಕಳು ತಾವಾಗಿ ಹೋಗಿ ಮೀಟರ್ ಇಡುವುದಿಲ್ಲ, ಕಟ್ಟುವಾಗಲೇ ನೆಲದಡಿ ಅನಿಲ ತಡೆಯುವ ಹಾಳೆ ಹಾಸಿ, ಅದನ್ನು ಹೊರಗೆ ಬಿಡುವ ಪೈಪ್ ಇಡುವುದು ಆಮೇಲೆ ನೆಲ ಒಡೆಯುವುದಕ್ಕಿಂತ ಎಷ್ಟೋ ಅಗ್ಗ.

ಮೀಟರನ್ನು ಅಡುಗೆಮನೆ, ಬಚ್ಚಲಲ್ಲಿ ಇಡಬೇಡಿ, ಮಲಗುವ ಕೋಣೆಯಲ್ಲಿ ಇಡಿ. ಕಿಟಕಿ ಮುಚ್ಚಿಕೊಂಡು ಎಕ್ಸಾಸ್ಟ್ ಫ್ಯಾನ್ ಮಾತ್ರ ಓಡಿಸಿದರೆ ನೆಲದಡಿಯ ಗಾಳಿಯನ್ನು ಇನ್ನಷ್ಟು ಎಳೆಯಬಹುದು. ನಾವು ಬಿರುಕು ಮುಚ್ಚಿಸಿ, ಮಳೆ ಬಿಟ್ಟಾಗೆಲ್ಲ ಎದುರುಬದುರು ಕಿಟಕಿ ತೆರೆಯುತ್ತೇವೆ, ಸರಾಸರಿ ನಿಧಾನವಾಗಿ ಇಳಿಯುತ್ತಿದೆ.