ಬೆನ್ನಿಗೆ ಯಾವ ರೋ, ದಮ್ಮಿಗೆ ಯಾವ ಕೆಲಸ?

ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಭಾರ ತಳ್ಳುವುದು), ಓವರ್‌ಹೆಡ್ ಪ್ರೆಸ್ (ತಲೆಯ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು). ವಾರಕ್ಕೆ ಮೂರು ದಿನ ಇಷ್ಟನ್ನೇ ಮಾಡುವವರಿಗೆ ಭಾರ ಏರುತ್ತದೆ, ಆದರೆ ಮೇಲ್ಬೆನ್ನು ಮತ್ತು ದಮ್ಮು ಎರಡೂ ಹಿಂದೆ ಬೀಳುತ್ತವೆ. ಸೇರಿಸಿಕೊಂಡರೆ ಆಯ್ತಲ್ವಾ ಅನ್ನಿಸುತ್ತದೆ. ತೊಂದರೆ ಏನೆಂದರೆ ಇರುವ ಸೊಂಟ ಒಂದೇ. ಸ್ಕ್ವಾಟ್‌ಗೂ ಅದೇ ಬೇಕು, ಡೆಡ್‌ಲಿಫ್ಟ್‌ಗೂ ಅದೇ, ಬಗ್ಗಿ ನಿಂತು ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವ ‘ರೋ’ ವ್ಯಾಯಾಮಕ್ಕೂ ಅದೇ. ಹಾಗಾಗಿ ಯಾವ ವ್ಯಾಯಾಮ ಒಳ್ಳೇದು ಅನ್ನುವುದಕ್ಕಿಂತ, ಯಾವುದು ಸೊಂಟವನ್ನು ಬಿಟ್ಟು ಕೆಲಸ ಮಾಡುತ್ತದೆ ಎಂದು ನೋಡುತ್ತಾ ಒಂದೊಂದನ್ನೇ ಬದಲಾಯಿಸಿದೆ.

ಮೊದಲು ಬಾರ್ಬೆಲ್ ರೋ, ಅಂದರೆ ತೂಕ ಹಾಕಿದ ಉದ್ದ ಸರಳನ್ನು (ಬಾರ್) ಎಳೆಯುವುದು. ಭಾರ ಹಾಕಲು ಇದಕ್ಕಿಂತ ಒಳ್ಳೆಯ ರೋ ಇಲ್ಲ. ಆದರೆ ಡೆಡ್‌ಲಿಫ್ಟ್ ಮುಗಿಸಿ ಇದಕ್ಕೆ ಬಂದರೆ ಬೆನ್ನಿನ ರೆಕ್ಕೆಗಳು (ಎರಡೂ ಪಕ್ಕದ ಅಗಲ ಸ್ನಾಯುಗಳು) ದಣಿಯುವ ಮೊದಲೇ ಸೊಂಟ ಕೈಕೊಡುತ್ತದೆ. ಎಂಟು ರೆಪ್‌ನ (ಒಮ್ಮೆ ಎಳೆದು ಇಳಿಸಿದರೆ ಒಂದು ರೆಪ್) ಸೆಟ್‌ನಲ್ಲಿ ಐದನೆಯದರಿಂದಲೇ ಎದೆ ನಿಧಾನಕ್ಕೆ ಮೇಲೇಳುತ್ತದೆ. ಬಾರ್ ಹೊಟ್ಟೆಯಿಂದ ತೊಡೆಯ ಕಡೆಗೆ ಇಳಿಯುತ್ತದೆ. ಕೊನೆಯ ಎರಡು ರೆಪ್ ರೋ ಅಲ್ಲವೇ ಅಲ್ಲ, ಹೆಗಲು ಕುಣಿಸುವುದು ಅಷ್ಟೇ. ಅಮೆರಿಕದ ವೇಟ್‌ಲಿಫ್ಟಿಂಗ್ ಕೋಚ್ ಗ್ಲೆನ್ ಪೆಂಡ್ಲೇ ಹೆಸರಿನ ರೋನಲ್ಲಿ ಪ್ರತಿ ರೆಪ್‌ಗೂ ಬಾರ್ ನೆಲಕ್ಕೆ ಮುಟ್ಟಬೇಕು. ಅಲ್ಲಿ ಸೊಂಟಕ್ಕೆ ಒಂದು ಕ್ಷಣ ಬಿಡುವು, ಮೋಸಕ್ಕೂ ಜಾಗ ಕಡಿಮೆ. ಮಾಮೂಲಿ ರೋ ಮಾಡುವುದಕ್ಕಿಂತ ಇದು ವಾಸಿ. ಆದರೂ ಬೆನ್ನು ನೆಲಕ್ಕೆ ಸಮನಾಗಿ ಬಗ್ಗಲೇಬೇಕಲ್ಲ, ಡೆಡ್‌ಲಿಫ್ಟ್ ದಿನ ಇದೂ ಭಾರವೇ.

ಗೆದ್ದಿದ್ದು ಬೆಂಚ್‌ಗೆ ಎದೆ ಆನಿಸಿ ಮಾಡುವ ಡಂಬೆಲ್ ರೋ. ಬೆಂಚನ್ನು 30ರಿಂದ 45 ಡಿಗ್ರಿ ಏರಿಸಿ, ಬೋರಲು ಮಲಗಿ, ಎರಡೂ ಕೈಯಲ್ಲಿ ಎಳೆಯುವುದು. ಬಾರ್ಬೆಲ್‌ನಲ್ಲಿ ಎತ್ತುವಷ್ಟು ಭಾರ ಇಲ್ಲಿ ಆಗುವುದಿಲ್ಲ. ಅಹಂಗೆ ಸ್ವಲ್ಪ ಪೆಟ್ಟು, ಇರಲಿ. ಸೊಂಟ ಆಟಕ್ಕೇ ಬರುವುದಿಲ್ಲ, ಸೆಟ್ ನಿಲ್ಲುವುದು ಬೆನ್ನು ಸೋತಾಗ ಮಾತ್ರ. ಮೊಣಕೈಯನ್ನು ಪಕ್ಕೆಗೆ ಹತ್ತಿರ ಇಟ್ಟು ಸೊಂಟದ ಕಡೆಗೆ ಎಳೆದರೆ ರೆಕ್ಕೆಗೆ, ಅಗಲಿಸಿ ಎಳೆದರೆ ಹೆಗಲಮೂಳೆಗಳ ನಡುವಿಗೆ ಕೆಲಸ. ಕೊರತೆ ಒಂದೇ: ಎದೆ ಒತ್ತಿಕೊಂಡು ಉಸಿರಾಟ ಕಷ್ಟ, ಅದಕ್ಕೇ ಹತ್ತು ಹನ್ನೆರಡು ರೆಪ್‌ಗಿಂತ ಜಾಸ್ತಿ ಹೋಗುವುದಿಲ್ಲ.

ಒಂದು ಕೈಯ ಡಂಬೆಲ್ ರೋ ಕೂಡ ಸೊಂಟಕ್ಕೆ ಹಗುರ, ಆದರೆ ಸಮಯ ಎರಡರಷ್ಟು ತಿನ್ನುತ್ತದೆ. ಸರಳಿಗೆ ನೇತುಬಿದ್ದು ಮೈ ಮೇಲೆತ್ತುವ ಪುಲ್‌ಅಪ್ ಈ ಪೈಪೋಟಿಯಲ್ಲೇ ಇಲ್ಲ. ಅದು ಮೇಲಿನಿಂದ ಎಳೆಯುವುದು, ರೋ ಮುಂದಿನಿಂದ. ಎರಡೂ ಇರಲಿ.

ಇನ್ನು ದಮ್ಮಿನ ವಿಷಯ. ಭಾರ ಎತ್ತುವವರು ಕಾರ್ಡಿಯೋ ಅಂದರೆ ಹೆದರುವುದಕ್ಕೆ ಒಂದು ಹಳೆಯ ಪ್ರಯೋಗವೂ ಕಾರಣ. 1980ರಲ್ಲಿ ಸಂಶೋಧಕ ರಾಬರ್ಟ್ ಹಿಕ್ಸನ್ ಪ್ರಕಟಿಸಿದ್ದು. ಭಾರ, ಕಾರ್ಡಿಯೋ ಎರಡನ್ನೂ ಒಟ್ಟಿಗೆ ಮಾಡಿದವರ ಬಲ ಮೊದಲು ಏರಿತು, ಹತ್ತು ವಾರಗಳ ಕೊನೆಗೆ ಇಳಿಯಿತು. ಸರಿ, ಆದರೆ ಅವರು ವಾರಕ್ಕೆ ಐದು ದಿನ ಭಾರ ಎತ್ತಿ, ಆರು ದಿನ ಓಟ, ಸೈಕಲ್ ಎಂದು ದಮ್ಮಿನ ಕೆಲಸವನ್ನೂ ಮಾಡುತ್ತಿದ್ದರು! ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಬೆವರು ಹರಿಸುವವರು ಅದನ್ನು ನೆಪ ಮಾಡಿಕೊಳ್ಳಬೇಕಿಲ್ಲ.

ಕೆಟಲ್‌ಬೆಲ್ ಸ್ವಿಂಗ್ (ಹಿಡಿಯಿರುವ ಕಬ್ಬಿಣದ ಗುಂಡನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುವುದು) ಮೇಲೆ ನನಗೆ ತುಂಬಾ ಆಸೆಯಿತ್ತು. ಜಾಗ ಬೇಡ, ಎರಡೇ ನಿಮಿಷದಲ್ಲಿ ಏದುಸಿರು. ಆದರೆ ಸ್ವಿಂಗ್ ಕೂಡ ಡೆಡ್‌ಲಿಫ್ಟ್ ಹಾಗೆಯೇ ಸೊಂಟದ ಕೀಲಿನಿಂದ ಬಗ್ಗಿ ಏಳುವ ಕೆಲಸ. ದಣಿದ ಮೇಲೆ ಬೆನ್ನು ಗುಂಡಗಾಗಲು ಶುರುವಾಗುತ್ತದೆ, ಮರುದಿನದ ಡೆಡ್‌ಲಿಫ್ಟ್‌ನಲ್ಲಿ ಅದರ ಬಾಕಿ ತೀರಿಸಬೇಕು. ಓಟದಲ್ಲಿ ಸೊಂಟಕ್ಕೆ ಅಷ್ಟು ಹೊರೆಯಿಲ್ಲ, ಆದರೆ ಪ್ರತಿ ಹೆಜ್ಜೆಯ ಪೆಟ್ಟು ಕಾಲಿಗೆ. ಸ್ಕ್ವಾಟ್ ದಿನ ಗೊತ್ತಾಗುತ್ತದೆ.

ಸ್ಟೇಷನರಿ ಸೈಕಲ್ ನೋಡಲು ಸಪ್ಪೆ, ಕೆಲಸಕ್ಕೆ ಗಟ್ಟಿ. ನೆಲದ ಪೆಟ್ಟಿಲ್ಲ, ಬಗ್ಗಿ ಏಳುವುದಿಲ್ಲ, ಮೈಕೈ ನೋವೂ ಕಡಿಮೆ. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು ಅನ್ನುವ ಟಬಾಟ ಕ್ರಮ ಪರೀಕ್ಷೆಯಾಗಿದ್ದೂ ಸೈಕಲ್ ಮೇಲೆಯೇ, 1996ರ ಪ್ರಯೋಗದಲ್ಲಿ. ಈಗ ಹೊಟ್ಟೆಗೆ ಮಾಡುವ ಕ್ರಂಚ್ ಮಾಡಿದರೂ ಟಬಾಟ ಅನ್ನುತ್ತಾರೆ, ಬಿಡಿ. ನಾನು 30 ಸೆಕೆಂಡ್ ಜೋರು, 90 ಸೆಕೆಂಡ್ ನಿಧಾನ, ಹೀಗೆ ಎಂಟು ಸುತ್ತಿಗೆ ನಿಂತಿದ್ದೇನೆ. ಭಾರ ಮೊದಲು, ಸೈಕಲ್ ಆಮೇಲೆ. ತಿರುವುಮುರುವು ಮಾಡಿದರೆ ಸ್ಕ್ವಾಟ್‌ಗೆ ಕಾಲೇ ಏಳುವುದಿಲ್ಲ.

ಈಗ ಡೆಡ್‌ಲಿಫ್ಟ್ ದಿನ ಎದೆ ಆನಿಸಿ ಮಾಡುವ ಬೆಂಚ್ ರೋ ಮಾತ್ರ. ಪೆಂಡ್ಲೇ ರೋ ಬೆಂಚ್ ಪ್ರೆಸ್ ದಿನಕ್ಕೆ ಹೋಯಿತು, ಪುಲ್‌ಅಪ್ ಓವರ್‌ಹೆಡ್ ಪ್ರೆಸ್ ಜೊತೆಗೆ. ಸೈಕಲ್ ಈ ಎರಡು ದಿನಗಳ ಕೊನೆಗೆ. ಎರಡು ಕೈಯಲ್ಲೂ ಭಾರ ಹಿಡಿದು ನಡೆಯುವ ಫಾರ್ಮರ್ಸ್ ವಾಕ್ ಮೇಲ್ಬೆನ್ನಿಗೂ ದಮ್ಮಿಗೂ ಒಟ್ಟಿಗೇ ಆಗುತ್ತದೆ, ಆದರೆ ಮುಂಗೈ ಹಿಡಿತವನ್ನು ಪೂರ್ತಿ ಹೀರಿಬಿಡುತ್ತದೆ. ಅದನ್ನು ವಾರದ ಕೊನೆಯ ದಿನ, ಮರುದಿನ ರಜೆ ಇರುವಾಗ ಮಾತ್ರ ಇಟ್ಟುಕೊಂಡಿದ್ದೇನೆ. ಸ್ವಿಂಗ್ ಬರೀ ವಾರ್ಮ್‌ಅಪ್‌ಗೆ, ಹಗುರ ಬೆಲ್, ಹತ್ತು ರೆಪ್.